ಕೀಲಿ ನನ್ನ ಕೈಯಲ್ಲಿ

ಗುಳ್ಳೆ ಏಳುತ್ತಿವೆ, ಎರಡು, ಮೂರು, ಆಮೇಲೆ ಏನೂ ಇಲ್ಲ, ಮತ್ತೆ ಒಂದು — ಬಾವಿಯ ಕರಿನೀರಿನ ಮೇಲೆ ಅವನ ಉಸಿರು ಒಡೆಯುತ್ತಿದೆ, ಪಂಪಿನ ಪೈಪಿಗೆ ಕಟ್ಟಿಕೊಂಡ ಕಸ ಕೀಳಲು ಇಳಿದ ಡೈವರ್ ಮೂವತ್ತು ಅಡಿ ಕೆಳಗೆ, ನಾನು ಮೇಲೆ ಪಂಪ್‌ಹೌಸಿನ ಕಟ್ಟೆಯ ಹತ್ತಿರ, ಸ್ವಿಚ್ ಬೋರ್ಡಿನ ಕೀಲಿ ಮುಷ್ಟಿಯಲ್ಲಿ ಬೆವರಿಗೆ ಜಾರುತ್ತಿದೆ. ಅರ್ಧ ಗಂಟೆ ಸಾಕು ಮೇಡಂ ಅಂದಿದ್ದ, ಈಗ ಐವತ್ತು ನಿಮಿಷ. ಹಗ್ಗ ಹಿಡಿದು ಕೂತ ಅವನ ಅಣ್ಣನಿಗೆ ಗಾಬರಿಯೇ ಇಲ್ಲ, ಯಾಕಪ್ಪಾ ಇಷ್ಟು ಹೊತ್ತು ಅಂದರೆ, ಕಸ ಜಾಸ್ತಿ ಇರ್ಬೇಕು ಮೇಡಂ, ಜಗ್ಗಿದ್ರೆ ಹೇಳ್ತೀನಿ. ಇವರ ಕೆಲಸ ನನಗೆ ಗೊತ್ತಿಲ್ಲ, ಗೊತ್ತಿಲ್ಲದ ಕೆಲಸಕ್ಕೆ ನಾನು ಮೇಲ್ವಿಚಾರಕಿ, ನೋಡಿದ್ದು ಬರೀ ಕಾಗದ, ತರಬೇತಿ ಪತ್ರ, ವಿಮೆ, ಸಿಲಿಂಡರಿನ ತಪಾಸಣೆ, ಎಲ್ಲಕ್ಕೂ ನನ್ನ ಸಹಿ. ನಮ್ಮ ಪಂಪ್ ಆಪರೇಟರ್ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಇಪ್ಪತ್ತಾರು ವರ್ಷದಿಂದ ಈ ಬಾವಿ ನೋಡ್ಕೊಂಡಿರೋನು ನಾನು, ಹೊರಗಿನೋರನ್ನ ಇಳಿಸೋ ಮುಂಚೆ ಒಂದ್ ಮಾತು, ಅಂತ ಶುರು ಮಾಡಿದ್ದರು. ನಾನೇನಂದೆ? ಎಲ್ಲರೆದುರಿಗೆ, ಇದು ತಜ್ಞರ ಕೆಲಸ, ನಿಮಗೆ ಗೊತ್ತಾಗಲ್ಲ. ಅಪ್ಪನ ವಯಸ್ಸಿನವರಿಗೆ. ಮುಖ ಸಣ್ಣದಾಯಿತು, ಒಳಗೆ ಹೋದರು.

ಫೋನು, ಮತ್ತೆ ಆಫೀಸಿನಿಂದ ಸಾಹೇಬರು — ಆಸ್ಪತ್ರೆ ಟ್ಯಾಂಕು ತಳ ಕಂಡಿದೆ ರೀ, ಆಪರೇಷನ್ ನಿಲ್ಲಿಸಿ ಕೂತಿದಾರೆ, ಇನ್ನೂ ಎಷ್ಟು ಹೊತ್ತು? ಹತ್ತು ನಿಮಿಷ ಸರ್. ಅದೇ ಹತ್ತು ನಿಮಿಷ ಆಗ್ಲೇ ಎರಡು ಸಲ ಹೇಳಿದ್ರಿ, ಅವನಿರೋದು ಒಂದನೇ ಪಂಪಿನ ಪೈಪಿನ ಹತ್ರ ತಾನೇ, ಎರಡನೇದು ಹಾಕ್ಸಿ, ಐದೇ ನಿಮಿಷ, ಬೇಕಾದ್ರೆ ನಕ್ಷೆ ನೋಡಿ. ನೋಡಿದೆ, ಹೌದು, ಎರಡು ಪಂಪು, ಎರಡು ಪೈಪು, ನಡುವೆ ಆರು ಮಾರು ದೂರ. ಅಣ್ಣ ಮಾತ್ರ ಇಳಿಸುವಾಗಲೇ ಹೇಳಿದ್ದ, ಪಂಪು ಓಡಿದ್ರೆ ಅವನ್ನೂ ಪೈಪು ಎಳ್ಕೊಳ್ಳುತ್ತೆ, ನನ್ ತಮ್ಮ ಮೇಲೆ ಬರೋವರೆಗೂ ದೇವ್ರೇ ಬಂದ್ ಕೇಳಿದ್ರೂ ಕೀಲಿ ಕೊಡ್ಬೇಡಿ. ದೇವರು ಕೇಳಿದ್ದರೆ ಕೊಡುತ್ತಿರಲಿಲ್ಲ, ಕೇಳಿದ್ದು ಸಾಹೇಬರು. ಸರಿ ಸರ್ ಅಂದೆ, ನಾನೇ ಅಂದೆ, ಅಣ್ಣನ ಕಣ್ಣು ತಪ್ಪಿಸಿ ಒಳಗೆ ಬಂದೆ, ಬೋರ್ಡಿಗೆ ಬೆನ್ನು ಕೊಟ್ಟು ಆಪರೇಟರ್ ನಿಂತಿದ್ದಾರೆ. ಸರೀರಿ. ಸರಿಯಲಿಲ್ಲ. ಎರಡನೇದು ಮಾತ್ರ, ಐದು ನಿಮಿಷ. ಬೇಡಮ್ಮ, ಅಂದರು, ಯಾವತ್ತೂ ಮೇಡಂ ಅನ್ನುವವರು ಬೇಡಮ್ಮ ಅಂದರು, ನಾನ್ ಸೇರಿದ ವರ್ಷಾನೇ ಎರಡನೇ ಪೈಪು ಕುಸಿದು ಮುಚ್ಚೋಯ್ತು, ಆ ಪಂಪನ್ನೂ ಒಂದನೇ ಪೈಪಿಗೇ ಸೇರ್ಸಿದ್ರು, ಎರಡು ಪಂಪಿಗೂ ಕೆಳಗಿರೋದು ಒಂದೇ ಬಾಯಿ, ನಕ್ಷೆ ಯಾರೂ ತಿದ್ದಲಿಲ್ಲ. ಒಂದೇ ಬಾಯಿ, ಅದರ ಮುಂದೆ ಅವನು. ಮೊದಲೇ ಯಾಕೆ ಹೇಳಲಿಲ್ಲ ನೀವು? ಹೇಳೋಕೇ ಬಂದಿದ್ದೆ. ಅಷ್ಟೇ, ಧ್ವನಿಯಲ್ಲಿ ಸಿಟ್ಟಿಲ್ಲ, ಫೋನು ಬಡಿದುಕೊಳ್ಳುತ್ತಿದೆ, ಆಗಲ್ಲ ಸರ್, ಆಸ್ಪತ್ರೆಗೆ ಟ್ಯಾಂಕರ್ ಕಳಿಸಿ, ಅವನು ಮೇಲೆ ಬರೋವರೆಗೂ ಆಗಲ್ಲ — ಸಾಹೇಬರ ಮಾತು ನಡೆದಿರುವಾಗಲೇ ಇಟ್ಟುಬಿಟ್ಟೆ. ಹೊರಗೆ ಅಣ್ಣ ಕೂಗುತ್ತಾನೆ, ಬಂದ, ಬಂದ. ಓಡಿದೆ. ಡೈವರ್ ಏಣಿ ಹತ್ತಿ ಮಾಸ್ಕ್ ಕಳಚುತ್ತಾನೆ, ತುಟಿ ನೀಲಿಗಟ್ಟಿದೆ, ನಗುತ್ತಾನೆ, ಆಗೋಯ್ತು ಮೇಡಂ, ಗೋಣಿಚೀಲ, ಬೇರು, ಎಲ್ಲಾ ಒಳಗಡೆ ಸಿಕ್ಕಾಕೊಂಡಿತ್ತು, ಪೈಪೊಳಗೆ ಸೊಂಟದವರೆಗೂ ನುಗ್ಗಿ ಕಿತ್ತೆ, ಕೀಲಿ ನಿಮ್ ಹತ್ರ ಇತ್ತಲ್ಲ, ಧೈರ್ಯವಾಗಿ ಹೋದೆ. ಧೈರ್ಯವಾಗಿ. ಒಳ್ಳೇದಪ್ಪ ಅನ್ನಬೇಕು, ಬಿಸಿಬಿಸಿ ಏನಾದರೂ ಕುಡಿ ಅನ್ನಬೇಕು, ಹಿಂದೆ ಬಂದು ನಿಂತ ಆಪರೇಟರ್ ಕಡೆ ತಿರುಗಿ — ಏನನ್ನಬೇಕು — ಪಂಪು ಹಾಕಿಸಬೇಕು, ಆಸ್ಪತ್ರೆ ಕಾಯುತ್ತಿದೆ, ಆದರೆ ಆ ಬಾಯಿ, ಕತ್ತಲೆಯಲ್ಲಿ ತೆರೆದ ಬಾಯಿ, ಹೊರಗೆ ಎರಡು ಕಾಲು, ಐದೇ ನಿಮಿಷ ಅಂದರು, ಸರಿ ಅಂದೆ, ಆ ಬಾಯಿ, ಹೊರಗೆ ಎರಡು ಕಾಲು, ಎರಡು ಕಾಲು