ಗೇಟಿನಲ್ಲೇ ಒತ್ತಿದ ಗುಂಡಿ

ನನ್ನ ಸೊಸೆ ಮೊಣಕಾಲು ಮುರಿದುಕೊಂಡದ್ದು ಕೆಲಸದಲ್ಲೋ, ಕೆಲಸ ಮುಗಿದ ಮೇಲೋ ಎಂದು ತೀರ್ಮಾನಿಸಲು ಲೇಬರ್ ಆಫೀಸಿಗೆ ಕರೆದಿದ್ದರು. ಮಗ ತೀರಿಕೊಂಡ ಮೇಲೆ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸಿ ನಮ್ಮ ಒಲೆ ಹಚ್ಚುತ್ತಿದ್ದವಳು ಅವಳೇ. ಕೆಲಸದಲ್ಲಿ ಬಿದ್ದಳೆಂದಾದರೆ ಕಂಪನಿಯ ವಿಮೆಯಲ್ಲಿ ಆಪರೇಷನ್. ಇಲ್ಲವಾದರೆ ಆಪರೇಷನ್ನೂ ಇಲ್ಲ, ಜೀವಮಾನವೆಲ್ಲ ಕುಂಟು.

ಊಟ ತಲುಪಿಸುವವರಲ್ಲಿ ಒಂದು ರೂಢಿ. ತಡವಾದರೆ ಆ್ಯಪ್ ಮುನಿಸಿಕೊಂಡು ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಡುತ್ತದೆ. ಅದಕ್ಕೇ ಗೇಟಿನ ಹತ್ತಿರವೇ ‘ತಲುಪಿಸಿದೆ’ ಎಂದು ಫೋನಿನಲ್ಲಿ ಒತ್ತಿ, ಆಮೇಲೆ ಮೆಟ್ಟಿಲು ಹತ್ತುತ್ತಾರೆ. ಇವಳೂ ಒತ್ತಿದಳು, ಹತ್ತಿದಳು, ಆಗತಾನೇ ಒರೆಸಿದ್ದ ಒದ್ದೆ ಮೆಟ್ಟಿಲಲ್ಲಿ ಜಾರಿದಳು.

ಕಂಪನಿಯವನು ಬಂದಿರಲಿಲ್ಲ. ಲೇಬರ್ ಸಾಹೇಬರ ಮೇಜಿನ ಕಂಪ್ಯೂಟರಿನೊಳಗಿಂದ ನಯವಾಗಿ ಮಾತಾಡಿದ.

“ಮೇಡಂ ನಮ್ಮ ಪಾರ್ಟ್ನರು ಸಾರ್, ತುಂಬಾ ಗೌರವ ಇದೆ. ಆದ್ರೆ ಬೀಳೋ ಹೊತ್ತಿಗೆ ಡೆಲಿವರಿ ಮುಗಿದಿತ್ತು. ಮೆಟ್ಟಿಲು ಹತ್ತಿದ್ದು ಅವರ ಸ್ವಂತ ಸಮಯದಲ್ಲಿ.”

“ಸ್ವಂತ ಸಮಯದಲ್ಲಿ ಕಂಡೋರ ಮನೆ ಮೆಟ್ಟಿಲು ಹತ್ತೋಕೆ ನನಗೇನು ಹುಚ್ಚಾ?” ಎಂದಳು ಸೊಸೆ. “ಊಟ ನನ್ನ ಕೈಯಲ್ಲೇ ಇತ್ತು. ಚೆಲ್ಲಿಬಿಟ್ಟೆ ಅಂತ ಗಿರಾಕಿ ನಿಮಗೇ ದೂರು ಕೊಟ್ಟಿಲ್ವಾ?”

“ಮತ್ತೆ ಕೊಡೋಕೆ ಮುಂಚೆ ಕೊಟ್ಟೆ ಅಂತ ಯಾಕಮ್ಮಾ ಒತ್ತಿದೆ?” ಸಾಹೇಬರು ಕೇಳಿದರು.

“ಎಲ್ಲರೂ ಒತ್ತುತ್ತಾರೆ ಸಾರ್. ಇವನನ್ನೇ ಕೇಳಿ.”

ಪಕ್ಕದಲ್ಲಿ ‘ಗಾಳಿ’ ಕೂತಿದ್ದ. ಅವಳ ಜೊತೆ ದುಡಿಯುವವನು; ಗಾಡಿ ಓಡಿಸುವ ಪರಿಗೆ ಬಂದ ಹೆಸರು. ಅವತ್ತು ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಸೇರಿಸಿದವನೂ ಅವನೇ.

“ಹೇಳಿ ಬ್ರದರ್,” ಎಂದಿತು ಕಂಪ್ಯೂಟರು. “ಮೊದಲು ನಿಮ್ಮ ಐಡಿ ನಂಬರ್ ಹೇಳಿ, ಆಮೇಲೆ ವಿಷಯ.”

ಗಾಳಿ ಹೆಲ್ಮೆಟ್ಟಿನ ಪಟ್ಟಿ ಎಳೆದಾಡಿದ. “ನಾನು... ನಾನು ಮೇಲೆ ಹೋಗೇ ಒತ್ತೋದು ಸಾರ್.”

ನಾನು ಹತ್ತಿ ಗಿರಣಿಯಲ್ಲಿ ದುಡಿದವಳು. ಒಬ್ಬಳ ಬೆರಳು ಯಂತ್ರಕ್ಕೆ ಸಿಕ್ಕಾಗ ನಾವೆಲ್ಲ ಕೆಲಸ ನಿಲ್ಲಿಸಿ ಬಾಗಿಲಲ್ಲಿ ಕೂತುಬಿಟ್ಟಿದ್ದೆವು. ಮಾಲೀಕ ಬಾಯಿಗೆ ಬಂದಂತೆ ಬೈದ, ಆದರೆ ಆಸ್ಪತ್ರೆಗೂ ಬಂದ. ಬೈಸಿಕೊಳ್ಳಲು, ತಿರುಗಿ ಬೈಯಲು, ನಮಗೊಂದು ಮುಖವಿತ್ತು. ಇವರಿಗೆ ಕೂರಲು ಒಂದು ಬಾಗಿಲೂ ಇಲ್ಲ. ಗಾಳಿಯನ್ನು ಬೈಯೋಣವೆಂದರೆ ಅವನ ಮನೆಯಲ್ಲೂ ಹೊಟ್ಟೆಗಳಿವೆ.

“ಒಂದು ಹೇಳಮ್ಮಾ,” ಎಂದರು ಸಾಹೇಬರು. “ಕೊಟ್ಟಾಗಿತ್ತು ಅಂದ್ರೆ ಕೆಲಸ ಮುಗಿದಿತ್ತು. ಕೊಟ್ಟಿರಲಿಲ್ಲ ಅಂದ್ರೆ ನೀನು ಒತ್ತಿದ್ದು ಸುಳ್ಳು.”

ಸೊಸೆ ನನ್ನ ಕಡೆ ನೋಡಿದಳು. “ಅತ್ತೆ?”

“ಇದ್ದದ್ದು ಹೇಳವ್ವಾ.”

“ಕೊಟ್ಟಿರಲಿಲ್ಲ ಸಾರ್.”

“ಥ್ಯಾಂಕ್ಯೂ ಮೇಡಂ,” ಎಂದಿತು ಕಂಪ್ಯೂಟರು. ಸುಳ್ಳು ಒತ್ತಿದವರಿಗೆ ವಿಮೆ ಇಲ್ಲವಂತೆ. ನಾವು ಏಳುವ ಮೊದಲೇ ಅವಳ ಫೋನು ಕುಂಯ್ ಎಂದಿತು. ಐಡಿ ಮುಚ್ಚಿದ್ದರು; ಇನ್ನು ಆ ಕೆಲಸವೂ ಇಲ್ಲ.

“ಇವಳಂಥೋರಿಗೆ ಕಾನೂನು ಬಂದಿದೆ ಅಜ್ಜಿ,” ಸಾಹೇಬರು ಕನ್ನಡಕ ಒರೆಸಿಕೊಂಡರು. “ಅದರ ನಿಯಮ ಇನ್ನೂ ಬರಬೇಕು.”

“ಅಷ್ಟರಲ್ಲಿ ಕಾಲು ಕಾಯುತ್ತಾ ಸ್ವಾಮಿ?” ಎಂದೆ. ಅವರು ಮುಂದಿನವರನ್ನು ಕರೆದರು.

ಹೊರಗೆ ಗಾಳಿ ತಲೆ ತಗ್ಗಿಸಿ ನಿಂತಿದ್ದ. “ಅಕ್ಕಾ, ಮನೆಗೆ ಬಿಡ್ತೀನಿ.”

“ಬೇಡ ಹೋಗೋ,” ಎಂದಳು ಸೊಸೆ. “ನಿನ್ನ ಗಿರಾಕಿ ಹಸಿದಿರ್ತಾನೆ.”

ಹೋದ.

ಮರುದಿನ ನಾನು ಹಿಂದಿನ ಬೀದಿಯ ಮನೆಯೊಂದಕ್ಕೆ ಪಾತ್ರೆ ತೊಳೆಯಲು ಸೇರಿದೆ. ಅವರ ಬಚ್ಚಲ ಕಲ್ಲು ಪಾಚಿ ಕಟ್ಟಿತ್ತು. ಬಿದ್ದರೆ ಯಾರು ನೋಡುತ್ತಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.