ನೋಡದೆ ಹಾಕಿದ ಸಹಿ

ಎರಡು ಓಣಿ ದಾಟಿದರೂ ಅಹ್ಮದಸಾಬ ಜನಾಜಾದ ಕೆಳಗಿನಿಂದ ಹೆಗಲು ತೆಗೆಯಲಿಲ್ಲ. ಬಾಗಲಕೋಟೆಯ ತೊಗಲಿನ ಸಾವುಕಾರ, ಅರವತ್ತು ದಾಟಿದವನು. ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಚಾಚಾ, ಬಿಡ್ರಿ, ನಾ ಹಿಡೀತೇನಿ,” ಎಂದ ಸತ್ತವನ ಮಗ ರಾಜಮಹ್ಮದ.

“ಇರ್ಲಿ ಬಿಡಪಾ. ಇಪ್ಪತ್ತ ವರ್ಷ ನನ್ನ ವಖಾರದಾಗ ದುಡದಾನ ಹುಸೇನಸಾಬ.”

“ಹೆಸರ ಕೆಡಿಸಿದವಗೂ ಹೆಗಲ ಕೊಡ್ತಾರ ನೋಡ್ರಿ. ಭಾಳ ದೊಡ್ಡ ಮನಸ್ಸು,” ಎಂದು ಹಿಂದೆ ಯಾರೋ ಅಂದರು.

ಅಹ್ಮದಸಾಬನಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

*

ಮೂರು ವರ್ಷದ ಹಿಂದೆ, ಜರ್ಮನಿಯ ಯುದ್ಧ ನಡೆದಿದ್ದಾಗ, ಹಡಗು ಹತ್ತುವ ಪ್ರತಿ ಗಂಟಿಗೂ ಸರಕಾರಕ್ಕೆ ಕಾಗದ ಬರೆದುಕೊಡಬೇಕಿತ್ತು: ಒಳಗೇನಿದೆ, ತೂಕವೆಷ್ಟು, ಯಾವ ದೇಶಕ್ಕೆ. ಬರೆಯುವವನು ಹುಸೇನಸಾಬ. ಮಹಾ ಕಿರಿಕಿರಿಯ ಮನುಷ್ಯ. ಒಂದೊಂದು ತೊಗಲನ್ನೂ ಮುಟ್ಟಿ ನೋಡದೆ ಸಹಿ ಹಾಕುತ್ತಿರಲಿಲ್ಲ. ರೈಲು ತಪ್ಪಿದರೆ ತಪ್ಪಲಿ.

ಆಡಿನ ತೊಗಲು ಕಳಿಸಲು ಅಡ್ಡಿಯಿರಲಿಲ್ಲ. ದನದ ತೊಗಲನ್ನು ಮಾತ್ರ ಸಿಪಾಯಿಗಳ ಬೂಟಿಗೆಂದು ಸರಕಾರ ಹಿಡಿದಿಟ್ಟಿತ್ತು. ಆ ದಿನ ಹುಸೇನಸಾಬ ಬರುವಷ್ಟರಲ್ಲಿ ಗಂಟುಗಳ ಬಾಯಿ ಹೊಲಿದಾಗಿತ್ತು.

“ಬಿಚ್ಚಸ್ರಿ, ನೋಡ್ತೇನಿ.”

“ನಾನ ನಿಂತು ಕಟ್ಟಿಸೇನಿ,” ಎಂದ ಅಹ್ಮದಸಾಬ. “ಎಲ್ಲಾ ಆಡಿನ ತೊಗಲ. ನನ್ನ ಮ್ಯಾಲೆ ನಂಬಿಗಿ ಇಲ್ಲೇನು?”

ಹುಸೇನಸಾಬ ಕೇಳಿದ್ದಕ್ಕೇ ನಾಚಿಕೊಂಡು ಸಹಿ ಹಾಕಿದ.

ಮುಂಬೈ ಬಂದರಿನಲ್ಲಿ ಗಂಟು ಬಿಚ್ಚಿದರು. ಮೇಲೆ ನಾಲ್ಕು ಆಡಿನವು, ಕೆಳಗೆಲ್ಲ ದನದವು.

“ಕಾಗದದ ಕೆಲಸ ಅವಂದರಿ, ನನಗೇನೂ ಗೊತ್ತಿಲ್ಲ,” ಎಂದ ಅಹ್ಮದಸಾಬ ಕೋರ್ಟಿನಲ್ಲಿ.

ಹುಸೇನಸಾಬ ಒಮ್ಮೆ ಅವನ ಮುಖ ನೋಡಿದ. “ಸಹಿ ನಂದ ಐತ್ರಿ,” ಎಂದಷ್ಟೇ ಹೇಳಿದ.

ಆರು ತಿಂಗಳು ಜೈಲಾಯಿತು. ತಿರುಗಿ ಬಂದ ಮೇಲೆ ಅವನಿಂದ ಒಂದು ಪತ್ರ ಬರೆಸಿಕೊಳ್ಳಲಿಕ್ಕೂ ಯಾರೂ ಬರಲಿಲ್ಲ. ಅವನೂ ಮತ್ತೆ ಲೇಖಣಿ ಮುಟ್ಟಲಿಲ್ಲ.

*

ಖಬರಸ್ತಾನದಲ್ಲಿ ನಮಾಜಿಗೆ ಸಾಲು ನಿಂತಿತು. ಸತ್ತವರ ಪರವಾಗಿ ಮಾಫಿ ಕೇಳುವುದು ವಾಡಿಕೆ. ರಾಜಮಹ್ಮದ ಮುಂದೆ ಬಂದ.

“ನಮ್ಮ ಅಬ್ಬಾನಿಂದ ಯಾರಿಗರ ತಪ್ಪಾಗಿದ್ರ ಮಾಫ್ ಮಾಡ್ರಿ.” ಅವನು ಅಹ್ಮದಸಾಬನ ಕಡೆ ತಿರುಗಿದ. “ಕಾಗದದಾಗ ಸುಳ್ಳ ಬರದು ಚಾಚಾನ ಹೆಸರ ಕೆಡಿಸಿದ. ಚಾಚಾ, ನೀವು ಬಾಯಿಬಿಟ್ಟು ಅನ್ರಿ. ಅಮ್ಮಾನೂ ಕೇಳ್ಕೊಂಡಾಳ.”

ಹಾಗಾದರೆ ಹುಸೇನಸಾಬ ಮನೆಯಲ್ಲೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ, ಮಗನಿಗೂ ಇಲ್ಲ.

ಎಲ್ಲರೂ ತಿರುಗಿ ನೋಡಿದರು. ‘ಸುಳ್ಳು ನಂದು’. ಎರಡೇ ಮಾತು. ಜನಾಜಾ ಹೊತ್ತು ದಾರಿಯುದ್ದಕ್ಕೂ ಅಹ್ಮದಸಾಬ ಅದನ್ನೇ ಬಾಯಲ್ಲಿ ಹೊರಳಿಸಿಕೊಂಡು ಬಂದಿದ್ದ. ಆದರೆ ಸಾಲಿನಲ್ಲಿ ಬೀಗರಿದ್ದರು, ಪೇಟೆಯ ವ್ಯಾಪಾರಿಗಳಿದ್ದರು.

“ಮಾಫ್ ಮಾಡೇನಿ,” ಎಂದ.

ರಾಜಮಹ್ಮದ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಕೈ ಒದ್ದೆಯಾಯಿತು.

ಮಣ್ಣು ಕೊಡುವಾಗ ಎಲ್ಲರೂ ಮೂರು ಮೂರು ಹಿಡಿ ಹಾಕಿ ಕೈ ಝಾಡಿಸಿಕೊಂಡರು. ಅಹ್ಮದಸಾಬ ಎರಡು ಹಾಕಿದ. ಮೂರನೆಯದು ಬಲಗೈಯ ಮುಷ್ಟಿಯಲ್ಲೇ ಉಳಿಯಿತು. ಮನೆಯ ದಾರಿಯಲ್ಲಿ ಸಲಾಮು ಹೇಳಿದ ಯಾರಿಗೂ ಅವನು ಆ ಕೈ ಎತ್ತಲಿಲ್ಲ.