ಅಂತೆ ಎನ್ನುತ್ತಿದ್ದ ವರದಯ್ಯ

ಆಟೋದ ನೆತ್ತಿಗೆ ಕಟ್ಟಿದ ಬೂದು ಬಣ್ಣದ ಹಾರ್ನ್ ಬೀದಿಯ ತಿರುವಿನಲ್ಲಿ ಕಂಡಿತೆಂದರೆ ನಮ್ಮೂರಿನ ಹೆಂಗಸರು ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದರು. ಆಟೋ ನನ್ನದು, ಮೈಕ್‌ಸೆಟ್ಟೂ ನನ್ನದು. ಊರಿಗೆ ಸುದ್ದಿ ಸಾರುವ ದನಿ ಮಾತ್ರ, ನನ್ನ ಬಳಿ ಕೆಲಸಕ್ಕಿದ್ದ ವರದಯ್ಯನವರದು. ಜನ ಕಾಯುತ್ತಿದ್ದುದು ಆ ದನಿಗೆ ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಅವರಿಗೊಂದು ಚಾಳಿಯಿತ್ತು. ಕಣ್ಣಾರೆ ಕಂಡದ್ದನ್ನು 'ಇದೆ' ಎನ್ನುವರು, ಕಾಣದ್ದಕ್ಕೆ 'ಅಂತೆ' ಸೇರಿಸುವರು. ಜವಳಿ ಅಂಗಡಿಯವರು ಸೀರೆಗಳಿಗೆಲ್ಲ ಅರ್ಧ ಬೆಲೆ ಎಂದು ಬರೆದುಕೊಟ್ಟರೆ, ಹಿಂದಿನ ವಾರದ ಬೆಲೆಯನ್ನು ನೆನಪಿಟ್ಟುಕೊಂಡಿದ್ದ ಇವರು 'ಅರ್ಧ ಬೆಲೆಯಂತೆ' ಎಂದು ಸಾರಿಬಿಟ್ಟರು. ಮೂರ್ತಿಯ ಕಣ್ಣಲ್ಲಿ ನೀರು ಬಂದಿದೆಯೆಂದು ಗುಡಿಯವರು ಬರೆದುಕೊಟ್ಟಾಗಲೂ 'ಬಂದಿದೆಯಂತೆ'. ಧರ್ಮದರ್ಶಿಗಳು ನನ್ನ ಮೈಕ್ ಅಂಗಡಿಗೇ ಬಂದು ಕೂಗಾಡಿದರು. ವರದಯ್ಯನವರು ನಾಸ್ತಿಕರಾಗಿದ್ದರೆ ಬೈದು ಕಳಿಸಬಹುದಿತ್ತು. ಈ ಮನುಷ್ಯ ದಿನಾ ಬೆಳಿಗ್ಗೆ ಅದೇ ಗುಡಿಗೆ ಪ್ರದಕ್ಷಿಣೆ ಹಾಕದೆ ಕಾಫಿ ಮುಟ್ಟುತ್ತಿರಲಿಲ್ಲ. ದೇವರನ್ನು ನಂಬುವುದು ಬೇರೆ, ಧರ್ಮದರ್ಶಿಗಳನ್ನು ನಂಬುವುದು ಬೇರೆ ಎಂದರು, ಅಷ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಊರಿನ ಅಧಿಕಾರ ಬದಲಾಯಿತು. ಇಪ್ಪತ್ತು ವರ್ಷ ಕುರ್ಚಿ ಬಿಡದವರು ಸೋತು ಹೊಸಬರು ಗೆದ್ದರು. ಅಂದು ವರದಯ್ಯನವರು ಸಿಕ್ಕಸಿಕ್ಕವರಿಗೆಲ್ಲ ಸಕ್ಕರೆ ಹಂಚಿದ್ದನ್ನು ನಾನೇ ನೋಡಿದ್ದೇನೆ. ಮೂರು ತಿಂಗಳಾದ ಮೇಲೆ ಹೊಸ ಅಧ್ಯಕ್ಷರ ಕಡೆಯ ನಂಜೇಶ ಒಂದು ಚೀಟಿ ತಂದ. 'ಗುಡ್ಡದ ಬಡಾವಣೆಯ ಮನೆಮನೆಗೂ ನಲ್ಲಿ ನೀರು ಬಂದಿದೆ. ಹೊಸ ಕಾಲ ಬಂದಿದೆ.' ಇದರಲ್ಲಿ ಅಂತೆಗಿಂತೆ ಏನಾದರೂ ಸೇರಿದರೆ ಮೈಕಿನ ಪರವಾನಗಿ ಮರೆತುಬಿಡಿ ಎಂದು ನಗುನಗುತ್ತಲೇ ಹೇಳಿಹೋದ. ಆ ಪರವಾನಗಿಯೇ ನನ್ನ ಅನ್ನ.

ಆಟೋದಲ್ಲಿ ಕೂತಿದ್ದ ವರದಯ್ಯನವರ ಕೈ ಹಿಡಿದು ಬೇಡಿದೆ. ಗೆದ್ದವರು ನಿಮ್ಮವರೇ ಅಲ್ಲವೇ, ಒಂದೇ ಒಂದು ಪದ ನುಂಗಿಕೊಳ್ಳಿ ಎಂದೆ.

"ನೀರು ಬರ್ಲಿ ಅಂತ ನನಗೂ ಆಸೆ ಯಜಮಾನ್ರೇ," ಎಂದರು. "ಆಸೆಪಟ್ಟಿದ್ದನ್ನೇ ಕಂಡೆ ಅಂತ ಹೆಂಗೆ ಹೇಳ್ಲಿ? ಒಂದು ಗಳಿಗೆ ಕೊಡಿ, ಗುಡ್ಡ ಹತ್ತಿ ನೋಡ್ಕೊಂಡು ಬರ್ತೀನಿ."

ಗಳಿಗೆ ಕೊಡುವ ತಾಳ್ಮೆ ನನಗಿರಲಿಲ್ಲ. ಹಾಗಾದರೆ ಇಳಿಯಿರಿ, ನಾಳೆಯಿಂದ ಬರಬೇಡಿ ಎಂದೆ. ಅವರು ಮೈಕನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ನನ್ನ ಕೈಗಿಟ್ಟು ಇಳಿದರು.

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು ಹಿಡಿದು ನಾನೇ ಕೂಗುತ್ತಾ ಹೊರಟೆ. ಗಾಣಿಗರ ಬೀದಿಯ ನಲ್ಲಿಯ ಹತ್ತಿರ ಹೂ ಮಾರುವ ಚೆಲುವಮ್ಮ ಆಟೋಗೆ ಅಡ್ಡ ನಿಂತಳು.

"ಅಣ್ಣಾ, ನನ್ನ ಮಗಳನ್ನ ಆ ಬಡಾವಣೆಗೆ ಕೇಳ್ತಾವ್ರೆ. ನೀರು ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಯ್ತು, ಅವಳಿಗೂ ಅದೇ ಆಗೋದು ಬ್ಯಾಡ. ನೀರು ಬಂದೈತಾ, ಬಂದೈತಂತಾ?"

ಯಾರೂ ನಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಚಾಳಿ ಎಂದು ನಾನು ಸಿಡಿಮಿಡಿಗೊಂಡಿದ್ದ ಆ ಪದವನ್ನು ಇವರೆಲ್ಲ ಇಷ್ಟು ವರ್ಷ ಜೋಪಾನವಾಗಿ ಕೇಳಿಸಿಕೊಂಡಿದ್ದರು. ನನಗೆ ನಾಚಿಕೆಯಾಯಿತು. "ಗೊತ್ತಿಲ್ಲಮ್ಮ," ಎಂದೆ. ಮೈಕ್ ಆರಿಸಲು ಮರೆತಿದ್ದೆ. ಹಾರ್ನ್ ಅದನ್ನೂ ಬೀದಿಗೆಲ್ಲ ಸಾರಿತು.

ಆಟೋ ತಿರುಗಿಸಿದೆ. ಕೆಲಸ ಕಳೆದುಕೊಂಡ ಮನುಷ್ಯ ಮನೆಗೆ ಹೋಗಿರಬೇಕಿತ್ತು. ವರದಯ್ಯನವರು ಬಿಸಿಲಿನಲ್ಲಿ ಗುಡ್ಡದ ದಾರಿ ಹಿಡಿದಿದ್ದರು. ಹತ್ತಿಸಿಕೊಂಡೆ. ಇಬ್ಬರೂ ಮನೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದೆವು.

ಮತ್ತೆ ಗಾಣಿಗರ ಬೀದಿಗೆ ಬಂದು ಅವರು ಮೈಕ್ ಹಿಡಿದರು. "ಕೆಳಗಿನ ಎರಡು ಸಾಲಿನ ಮನೆಗಳಿಗೆ ನೀರು ಬಂದಿದೆ. ಮೇಲಿನ ಸಾಲಿಗೆ ಬಂದಿಲ್ಲ. ಇಬ್ಬರೂ ನೋಡಿ ಬಂದಿದ್ದೇವೆ."

ಪರವಾನಗಿ ಆ ವಾರವೇ ಹೋಯಿತು. ಅಂಥವರ ಪಕ್ಕದಲ್ಲಿ ಅಷ್ಟು ವರ್ಷ ಕೂತಿದ್ದೆನೆಂಬ ಹೆಮ್ಮೆ ಇವತ್ತಿಗೂ ನನ್ನ ಬಳಿಯಿದೆ.

ಆ ದಿನ ಬೀದಿಯಲ್ಲಿ ಚೆಲುವಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೊಡವನ್ನು ಪಕ್ಕದವಳಿಗೆ ಒಪ್ಪಿಸಿ, ತಾನೂ ಒಂದು ಸಲ ನೋಡಿ ಬರುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಗುಡ್ಡದ ಕಡೆಗೆ ಹೊರಟಳು. ನಮ್ಮ ಮಾತನ್ನೂ ಹಾಗೇ ನಂಬದೆ ನಡೆದವಳನ್ನು, ತಿರುವು ದಾಟುವವರೆಗೂ ವರದಯ್ಯನವರು ಮುಖವರಳಿಸಿಕೊಂಡು ನೋಡುತ್ತಾ ನಿಂತರು.